ಬಿ-52 ಅಂದರೆ ಬಾಂಬರ್ ವಿಮಾನ ಅಲ್ಲ

ಬಿ-52 ಅಂತ ಗೂಗಲ್‌ನಲ್ಲಿ ಹುಡುಕಿದರೆ ಅಮೆರಿಕದ ಬಾಂಬರ್ ವಿಮಾನ ಬರುತ್ತದೆ. ಗುತ್ತಲದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿ-52 ಅಂತ ಕೇಳಿದರೆ ಗೋಡೆಯ ಮೊಳೆಯಿಂದ ಒಂದು ಕಪ್ಪು ರಬ್ಬರ್ ಬೆಲ್ಟ್ ಕೆಳಗಿಳಿಯುತ್ತದೆ. ಯಾವ ಮಷೀನು, ಯಾವ ಕಂಪನಿ, ಯಾವ ವರ್ಷದ್ದು ಅಂತ ಅಂಗಡಿಯವರು ಕೇಳುವುದಿಲ್ಲ. ಹಿಟ್ಟಿನ ಗಿರಣಿಗೋ, ಖಾರ ಕುಟ್ಟುವ ಮಷೀನಿಗೋ, ಲೇತಿಗೋ, ಅವರಿಗೆ ಬೇಡದ ವಿಚಾರ. ಮೇಲಿನ ಧೂಳು ಒರೆಸಿ, ದುಡ್ಡು ಎಣಿಸಿಕೊಂಡು ಕೈಗೆ ಕೊಡುತ್ತಾರೆ. ಮೂರು ನಿಮಿಷದ ವ್ಯವಹಾರ.

ಈ ಮೂರು ನಿಮಿಷದ ಹಿಂದೆ ನೂರು ವರ್ಷದ ಶಿಸ್ತು ಇದೆ. ‘ಬಿ’ ಅಂದರೆ ಬೆಲ್ಟಿನ ಅಡ್ಡ ಕೊಯ್ತದ ಅಳತೆ: ಮೇಲ್ಭಾಗದ ಅಗಲ 17 ಮಿ.ಮೀ., ದಪ್ಪ 11 ಮಿ.ಮೀ. 52 ಅಂದರೆ ಒಳಸುತ್ತಿನ ಉದ್ದ, ಇಂಚುಗಳಲ್ಲಿ. ‘ಎ’ ಆದರೆ 13 ಮತ್ತು 8, ‘ಸಿ’ ಆದರೆ 22 ಮತ್ತು 14. ಬೆಲ್ಟಿನ ಎರಡು ಓರೆ ಮಗ್ಗುಲುಗಳ ನಡುವಿನ ಕೋನ 40 ಡಿಗ್ರಿ. ಮೋಟರ್ ಎಳೆದಷ್ಟೂ ಬೆಲ್ಟು ಪುಲ್ಲಿಯ ಕೊರಕಲಿನೊಳಗೆ ಬೆಣೆಯ ಹಾಗೆ ಬಿಗಿಯಾಗಿ ಕೂರುತ್ತದೆ. ಅದು ಹಿಡಿಯುವುದು ಮಗ್ಗುಲಿನಿಂದ, ತಳದಿಂದಲ್ಲ. ಡೆನ್ವರಿನ ಜಾನ್ ಗೇಟ್ಸ್ 1917ರಲ್ಲಿ ಇಂಥ ರಬ್ಬರ್ ಬೆಲ್ಟ್ ಮಾಡಿದ ಮೇಲೆ ಅದು ಜಗತ್ತಿನ ಎಲ್ಲ ಕಾರ್ಖಾನೆಗಳಿಗೂ ಹೊಕ್ಕಿತು. ನಮ್ಮ ದೇಶದಲ್ಲಿ ಇದಕ್ಕೆ ಐಎಸ್ 2494 ಅನ್ನುವ ಮಾನಕವೇ ಇದೆ. ಮಧುರೈನ ಫೆನ್ನರ್ ಮಾಡಿದರೂ ಅದೇ ಅಳತೆ, ನಾಗಪುರದ ಪಿಕ್ಸ್ ಮಾಡಿದರೂ ಅದೇ ಅಳತೆ. ಒಬ್ಬರದು ತುಟ್ಟಿ ಅನ್ನಿಸಿದರೆ ಇನ್ನೊಬ್ಬರದು ತಗೋಬಹುದು. ಅದಕ್ಕೇ ಅದರ ಬೆಲೆ ಕೆಲವು ನೂರು ರೂಪಾಯಿ ದಾಟುವುದಿಲ್ಲ.

ಬೆಲ್ಟು ಅಗ್ಗವಾಗಿರುವುದು ರಬ್ಬರ್ ಅಗ್ಗ ಅಂತಲ್ಲ, ಅದರ ಮೈಮೇಲೆ ಅಳತೆ ಬರೆದಿದೆ ಅಂತ. ಆ ಅಳತೆಯನ್ನು ಅಳಿಸಿ, ಅದರ ಜಾಗದಲ್ಲಿ ಕಂಪನಿಯ ಗುಟ್ಟಿನ ನಂಬರ್ ಒಂದನ್ನು ಹಚ್ಚಿ, ಅದೇ ಬೆಲ್ಟನ್ನು ಹತ್ತು ಪಟ್ಟು ಬೆಲೆಗೆ ಮಾರುವ ಚಾಳಿ ಈಗ ಸಣ್ಣ ವರ್ಕ್‌ಶಾಪಿನ ಮಷೀನುಗಳಿಗೂ ಬಂದಿದೆ. ನನ್ನ ತಕರಾರು ಇದರ ಮೇಲೆ. ಇದನ್ನು ವ್ಯಾಪಾರ ಅಂತ ಕರೆಯಲು ನನಗೆ ಬಾಯಿ ಬರುತ್ತಿಲ್ಲ.

ಲೇತ್ ನೋಡದವರಿಗೆ ಎರಡು ಮಾತು. ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಹರಿತವಾದ ಉಳಿಯೊಂದನ್ನು ಅದಕ್ಕೆ ತಾಗಿಸಿ, ಬೇಕಾದ ಅಳತೆಗೆ ಕೆತ್ತುವ ಯಂತ್ರ ಅದು. ನಗರದಲ್ಲಿದ್ದರೆ ನೀವು ಅದನ್ನು ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಒಮ್ಮೆ ಮುಟ್ಟಿ, ಜಾಬ್ ಮುಗಿಸಿ ಮರೆತಿರುತ್ತೀರಿ. ಗುತ್ತಲದಂಥ ಊರಲ್ಲಿ, ಅಂದರೆ ಹಾವೇರಿಯಿಂದ ಪೂರ್ವಕ್ಕೆ ತುಂಗಭದ್ರೆಯ ಕಡೆ ಹೋದರೆ ಸಿಗುವ, ಸುತ್ತಲಿನ ಹಳ್ಳಿಗಳಿಗೆ ಸಂತೆಯೂ ಆಸ್ಪತ್ರೆಯೂ ಆಗಿರುವ ಊರಲ್ಲಿ, ಲೇತ್ ಅಂಗಡಿ ಅಂದರೆ ಎಲ್ಲ ಮಷೀನುಗಳ ದವಾಖಾನೆ. ಬೋರ್‌ವೆಲ್ ಮೋಟರಿನ ಶಾಫ್ಟ್ ಸವೆದರೆ ಅಲ್ಲಿಗೆ. ಟ್ರ್ಯಾಕ್ಟರ್ ಟ್ರೇಲರಿನ ಬುಷ್ ಹೋದರೆ ಅಲ್ಲಿಗೆ. ಗೋವಿನಜೋಳ ಒಕ್ಕುವ ಮಷೀನಿನ ಪುಲ್ಲಿ ಒಡೆದರೆ ಅಲ್ಲಿಗೆ. ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಕೂರಿಗೆಯ ಒಂದು ಪಿನ್ ಮುರಿದರೆ ರೈತ ಕಾಯುವ ಹಾಗಿಲ್ಲ. ಹದ ಎರಡು ದಿನ ಇರುತ್ತದೆ, ಹೆಚ್ಚೆಂದರೆ ಮೂರು. ಆ ಎರಡು ದಿನ ಲೇತ್ ನಿಂತರೆ ನಿಲ್ಲುವುದು ಲೇತ್ ಒಂದೇ ಅಲ್ಲ.

ಇನ್ನೊಂದು ಸಂಗತಿ ಇದೆ, ನನಗೆ ಬಹಳ ಕಾಡುವುದು ಇದೇ. ಲೇತ್ ಅನ್ನುವುದು ತನ್ನ ಬಿಡಿಭಾಗಗಳನ್ನು ತಾನೇ ಮಾಡಿಕೊಳ್ಳಬಲ್ಲ ಯಂತ್ರ. ಅದರ ಬುಷ್ ಸವೆದರೆ ಅದರಲ್ಲೇ ಹೊಸ ಬುಷ್ ಕೆತ್ತಬಹುದು. ಪುಲ್ಲಿ, ಶಾಫ್ಟ್, ಸ್ಕ್ರೂ, ಹ್ಯಾಂಡಲ್ ಯಾವುದೂ ಕಷ್ಟವಲ್ಲ. ಗುತ್ತಲದ ಮೇಸ್ತ್ರಿಗಳು ಇದನ್ನೆಲ್ಲ ಡ್ರಾಯಿಂಗ್ ಇಲ್ಲದೆ, ಹಳೆಯ ತುಂಡನ್ನು ಕೈಯಲ್ಲಿ ಹಿಡಿದು, ಕ್ಯಾಲಿಪರ್ ಹಚ್ಚಿ ಮಾಡುತ್ತಾರೆ. ಅವರಿಗೆ ಮಾಡಲಾಗದ್ದು ಬೇರಿಂಗು ಮತ್ತು ಬೆಲ್ಟು. ಬೇರಿಂಗಿನ ಮೇಲೆ 6205 ಅಂತಲೋ 6306 ಅಂತಲೋ ನಂಬರ್ ಇರುತ್ತದೆ, ಅದನ್ನೂ ಯಾವ ಊರಲ್ಲಾದರೂ ಕೊಳ್ಳಬಹುದು. ಉಳಿಯಿತು ಬೆಲ್ಟು. ರಬ್ಬರಿನ ಒಳಗೆ ದಾರ ಹಾಸಿ, ಅಚ್ಚಿನಲ್ಲಿ ಬೇಯಿಸಿ ಮಾಡುವ ವಸ್ತು. ಊರಿನ ಅಂಗಡಿಯಲ್ಲಿ ಆಗುವ ಮಾತಲ್ಲ. ಅಂದರೆ ಇಡೀ ಮಷೀನಿನಲ್ಲಿ ಹಳ್ಳಿಯ ಮೇಸ್ತ್ರಿ ಹೊರಗಿನವರ ಮುಂದೆ ಕೈಚಾಚಲೇಬೇಕಾದ ಜಾಗ ಇದೊಂದೇ. ಹಿಡಿಯುವವರು ಸರಿಯಾಗಿ ಅಲ್ಲೇ ಹಿಡಿದಿದ್ದಾರೆ.

ಹಳೆಯ ಕಾಲದ ಮಷೀನುಗಳಲ್ಲಿ ಈ ತೊಂದರೆ ಇರಲಿಲ್ಲ. ನಮ್ಮ ಕಡೆಯ ಬಹಳಷ್ಟು ಲೇತುಗಳು ಪಂಜಾಬಿನ ಬಟಾಲಾದವು, ಗುಜರಾತಿನ ರಾಜಕೋಟದವು. ಮೋಟರಿನಿಂದ ಮೇಲಿನ ಶಾಫ್ಟಿಗೆ ವಿ-ಬೆಲ್ಟು, ಅಲ್ಲಿಂದ ಮೆಟ್ಟಿಲು ಪುಲ್ಲಿಗೆ ಚಪ್ಪಟೆ ಪಟ್ಟಾ. ಪಟ್ಟಾ ಅಂತೂ ಮಾರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಮಾಲು. ಎರಡು ತುದಿ ಕೂಡಿಸಿ ಪಿನ್ ಹೊಡೆದರೆ ಮುಗಿಯಿತು. ಸಡಿಲಾದರೆ ಎರಡಿಂಚು ಕತ್ತರಿಸಿ ಮತ್ತೆ ಪಿನ್. ಜಾರಿದರೆ ರಾಳದ ಪುಡಿ. ವಿ-ಬೆಲ್ಟು ಹರಿದು ನಂಬರೂ ಉಜ್ಜಿ ಹೋಗಿದ್ದರೆ ಎರಡು ಪುಲ್ಲಿಗೂ ಸುತಳಿ ಸುತ್ತಿ, ಆ ಸುತಳಿಯನ್ನೇ ಅಂಗಡಿಗೆ ಒಯ್ಯುತ್ತಾರೆ. ಒಂದಿಂಚು ಹೆಚ್ಚುಕಮ್ಮಿ ಆದರೆ ಮೋಟರಿನ ಬೋಲ್ಟ್ ಸಡಿಲಿಸಿ ಹಿಂದೆ ಮುಂದೆ ಸರಿಸುತ್ತಾರೆ. ಜೋಡಿ ಬೆಲ್ಟ್ ಇದ್ದರೆ ಎರಡನ್ನೂ ಕೂಡಿಯೇ ಬದಲಿಸಬೇಕು ಅನ್ನುವುದು ಅಲ್ಲಿನ ಹೆಲ್ಪರ್ ಹುಡುಗನಿಗೂ ಗೊತ್ತು. ಹಳೆಯದು ಹಿಗ್ಗಿರುತ್ತದೆ, ಹೊಸದೊಂದೇ ಭಾರ ಹೊತ್ತು ಬೇಗ ಸಾಯುತ್ತದೆ. ಇದೆಲ್ಲ ಯಾವ ಮ್ಯಾನ್ಯುಯಲ್‌ನಿಂದ ಕಲಿತದ್ದೂ ಅಲ್ಲ.

ಈಗ ಹೊಸ ಮಷೀನಿನ ಕಥೆ. ನನ್ನ ಚಿಕ್ಕಪ್ಪನ ಮಗ ಐಟಿಐ ಓದಿದವನು. ಗುತ್ತಲದಲ್ಲಿ ಸಣ್ಣ ವರ್ಕ್‌ಶಾಪ್. ಹಳೆಯ ಬಟಾಲಾ ಲೇತಿನ ಪಕ್ಕದಲ್ಲಿ ಎರಡು ವರ್ಷದ ಹಿಂದೆ ಒಂದು ಹೊಸ ಬೆಂಚ್ ಲೇತ್ ಇಟ್ಟ. ಸ್ಪೀಡನ್ನು ಗುಂಡಿ ತಿರುಗಿಸಿ ಬದಲಿಸುವುದು, ಡಿಜಿಟಲ್ ಡಿಸ್‌ಪ್ಲೇ, ನೋಡಲು ಚೆಂದ. ಒಳಗೆ ಹಲ್ಲಿನ ಬೆಲ್ಟು, ಅಂದರೆ ಟೈಮಿಂಗ್ ಬೆಲ್ಟು. ಅದು ಹರಿದ ದಿನ ರಾತ್ರಿ ನನಗೆ ಫೋನ್.

“ಅಣ್ಣಾ, ಡೀಲರ್‌ಗೆ ಫೋನ್ ಹಚ್ಚಿದ್ರ ಬೆಲ್ಟ್ ಒಂದ ಕೊಡಂಗಿಲ್ಲಂತ. ಎರಡೂ ಪುಲ್ಲಿ, ಬೆಲ್ಟ್ ಕೂಡಿ ಕಿಟ್ ತಗೋಬೇಕಂತ. ಆರ ಸಾವಿರದ ಎಂಟನೂರು. ಬರಾಕ ನಲವತ್ತೈದ ದಿನ ಅಂದ್ರು.”

“ಸೈಜ್ ಎಷ್ಟಂತ ಕೇಳಿದಿಲ್ಲೋ?”

“ಕೇಳಿದೆ. ಅದು ಕಂಪನಿ ಪಾರ್ಟ್ ನಂಬರ್ರಿ, ಸೈಜ್ ನಮಗೂ ಕೊಟ್ಟಿಲ್ಲ ಅಂದ್ರು.”

ಪುಲ್ಲಿ ಎರಡೂ ಗಟ್ಟಿಮುಟ್ಟಾಗಿದ್ದವು. ಹರಿದದ್ದು ಬೆಲ್ಟು ಮಾತ್ರ. ಚಪ್ಪಲಿಯ ಉಂಗುಷ್ಠ ಕಿತ್ತರೆ ಕಾಲನ್ನೂ ಸೇರಿಸಿ ಬದಲಿಸಿ ಅಂದ ಹಾಗಾಯಿತು ಇದು.

ಹರಿದ ಬೆಲ್ಟನ್ನು ನೆಲದ ಮೇಲೆ ಹಾಸಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸು ಅಂದೆ. 75 ಹಲ್ಲು. ಒಂದು ಹಲ್ಲಿನ ನಡುವಿನಿಂದ ಹತ್ತು ಹಲ್ಲು ಮುಂದಕ್ಕೆ ಸ್ಕೇಲ್ ಇಟ್ಟರೆ 50 ಮಿ.ಮೀ. ಅಂದರೆ ಹಲ್ಲಿನಿಂದ ಹಲ್ಲಿಗೆ 5. ಅಗಲ 15. ಹಲ್ಲಿನ ಆಕಾರದ ಫೋಟೋ ಕಳಿಸು ಅಂದೆ, ಯಾಕೆಂದರೆ 5 ಮಿ.ಮೀ. ಅಂತರದಲ್ಲೇ ದುಂಡು ಹಲ್ಲಿನದೂ ಬರುತ್ತದೆ, ಮಗ್ಗುಲು ನೇರ ಇಳಿಜಾರಾಗಿರುವ ಹಲ್ಲಿನದೂ ಬರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಇವನದು ದುಂಡು. 75 ಸಲ 5, ಮುನ್ನೂರ ಎಪ್ಪತ್ತೈದು. ಹಾಗಾದರೆ ಅದರ ಹೆಸರು 375-5ಎಂ-15. ಯಾವ ಗುಟ್ಟೂ ಇಲ್ಲ. ಕ್ಯಾಟಲಾಗಿನಲ್ಲಿ ಇರುವ ಮಾಮೂಲಿ ಬೆಲ್ಟು. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಅಂಗಡಿಯಲ್ಲಿ 380 ರೂಪಾಯಿ. ಹಾವೇರಿ ಬಸ್ಸಿನಲ್ಲಿ ಪಾರ್ಸಲ್ ಹಾಕಿದೆ. ನಾಲ್ಕನೇ ದಿನ ಮಷೀನು ತಿರುಗಿತು.

ಆ ಮಷೀನು ಮಾಡಿದ ಕಂಪನಿಯ ಹೆಸರು ಇಲ್ಲಿ ಬೇಡ. ಒಬ್ಬರನ್ನು ಹೆಸರು ಹಿಡಿದು ಬೈದರೆ ಉಳಿದವರೆಲ್ಲ ಸಾಚಾ ಅನ್ನಿಸಿಬಿಡುತ್ತದೆ. ಸುಮ್ಮನೆ ಲೆಕ್ಕ ನೋಡಿ: 380 ಎಲ್ಲಿ, 6,800 ಎಲ್ಲಿ. ನಡುವಿನ 6,420 ರೂಪಾಯಿ ರಬ್ಬರಿನ ಬೆಲೆಯಲ್ಲ, ಪುಲ್ಲಿಯ ಬೆಲೆಯೂ ಅಲ್ಲ, ಯಾಕೆಂದರೆ ಪುಲ್ಲಿ ಅವನಿಗೆ ಬೇಕಿರಲಿಲ್ಲ. ಅದು ಸೈಜ್ ಗೊತ್ತಿಲ್ಲದಿರುವುದರ ಬೆಲೆ. ಬೆಂಗಳೂರಿನಲ್ಲಿ ಅಣ್ಣ ಇಲ್ಲದ, ಹಲ್ಲೆಣಿಸಿ ಹೇಳುವವರಿಲ್ಲದ ಹುಡುಗ ಅಷ್ಟನ್ನೂ ಕಟ್ಟುತ್ತಾನೆ. ಅಥವಾ ಮಷೀನಿನ ಮೇಲೆ ಗೋಣಿಚೀಲ ಹೊದಿಸಿ ಕಂತು ಕಟ್ಟುತ್ತಾ ಕೂರುತ್ತಾನೆ.

ಇದಕ್ಕೆ ಸಿದ್ಧ ಉತ್ತರಗಳಿವೆ, ನಾನೂ ಕೇಳಿದ್ದೇನೆ. ಮೊದಲನೆಯದು, ಟೈಮಿಂಗ್ ಬೆಲ್ಟು ಸುಧಾರಿತ ತಂತ್ರಜ್ಞಾನ, ಹಳೆಯ ವಿ-ಬೆಲ್ಟಿಗೆ ಹೋಲಿಸಬೇಡಿ ಅನ್ನುವುದು. ಒಪ್ಪಿದೆ. ಹಲ್ಲಿನ ಬೆಲ್ಟು ಜಾರುವುದಿಲ್ಲ, ಸಣ್ಣ ಜಾಗದಲ್ಲಿ ಕೂರುತ್ತದೆ, ಬಿಗಿ ಕಡಿಮೆ ಸಾಕಾಗುವುದರಿಂದ ಬೇರಿಂಗಿನ ಮೇಲೆ ಭಾರವೂ ಕಡಿಮೆ. ಅದರ ಜೊತೆ ನನಗೆ ಜಗಳವೇ ಇಲ್ಲ. ಅದಕ್ಕೂ ಮಾನಕ ಅಳತೆಗಳಿವೆ, ಈಗಷ್ಟೇ ನೋಡಿದಿರಿ. ಸುಧಾರಿಸಿದ್ದು ಬೆಲ್ಟು, ಅದರ ಮೇಲಿನ ನಂಬರನ್ನು ಒರೆಸಿದ್ದರಲ್ಲಿ ಎಂಥ ಸುಧಾರಣೆ?

ಎರಡನೆಯದು, ಸೈಜ್ ಹೇಳಿದರೆ ಜನ ನಕಲಿ ಮಾಲು ಹಾಕಿ ಮಷೀನು ಕೆಡಿಸುತ್ತಾರೆ ಅಂತ. ನಕಲಿ ಬೆಲ್ಟು ಇದೆ, ಸುಳ್ಳಲ್ಲ. ಒಂದು ತಿಂಗಳಿಗೆ ಬಿರುಕು ಬಿಡುವಂಥವು ಹಾವೇರಿ, ರಾಣೆಬೆನ್ನೂರು ಪೇಟೆಯಲ್ಲೂ ಸಿಗುತ್ತವೆ. ಆದರೆ ನಕಲಿಗೆ ಬಾಗಿಲು ತೆಗೆಯುವವರು ಯಾರು? ಅಸಲಿ ಬೆಲ್ಟು 380ಕ್ಕೆ ಸಿಗುತ್ತದೆ ಅಂತ ಗೊತ್ತಿದ್ದವನು ನಕಲಿಗೆ ಯಾಕೆ ಹೋಗುತ್ತಾನೆ? 6,800 ಅಂದಾಗ ಹೋಗುತ್ತಾನೆ.

ಮೂರನೆಯದು ನಮ್ಮ ನಗರದ ಮಿತ್ರರದ್ದು, ಕೇಳಿದರೆ ಮೈ ಉರಿಯುತ್ತದೆ: “ಆನ್‌ಲೈನ್‌ನಲ್ಲಿ ಎಲ್ಲಾ ಸಿಗುತ್ತಲ್ಲ ಗುರೂ.” ಸಿಗುತ್ತದೆ, ಏನನ್ನು ಹುಡುಕಬೇಕು ಅಂತ ಗೊತ್ತಿದ್ದವನಿಗೆ. ‘ಲೇತ್ ಬೆಲ್ಟ್’ ಅಂತ ಹೊಡೆದು ನೋಡಿ. ಹೊಲಿಗೆ ಯಂತ್ರದ ಬೆಲ್ಟಿನಿಂದ ಹಿಡಿದು ಸೊಂಟದ ಬೆಲ್ಟಿನವರೆಗೆ ಸಾಲಾಗಿ ಬರುತ್ತವೆ. ಸೈಜ್ ಗೊತ್ತಿಲ್ಲದವನಿಗೆ ಆನ್‌ಲೈನ್ ಅಂದರೆ ದೊಡ್ಡ ಕತ್ತಲೆ ಕೋಣೆ ಅಷ್ಟೇ.

ಹಳೆಯದನ್ನು ಹೊಗಳುವ ಮುದುಕನ ಹಾಗೆ ಕಾಣಬಹುದು ನಾನು. ಆದರೂ ಹರಿಹರದ ಮಾತು ಹೇಳಲೇಬೇಕು. ರಾಣೆಬೆನ್ನೂರು ದಾಟಿ, ಹೊಳೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅಂದರೆ ಇವತ್ತಿಗೂ ಹಳೆಯ ಟರ್ನರ್‌ಗಳ ಮುಖ ಅರಳುತ್ತದೆ. ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಎಷ್ಟು ಮನೆಗಳ ಒಲೆ ಆರಿತು ಅನ್ನುವುದು ಬೇರೆಯೇ ಬರೆಯಬೇಕಾದ ವಿಷಯ. ಆದರೆ ಕಾರ್ಖಾನೆ ಸತ್ತ ಮೇಲೂ ಅದು ಮಾಡಿದ ಲೇತುಗಳು ಸಾಯಲಿಲ್ಲ. ಈಗಲೂ ತಿರುಗುತ್ತಿವೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತಿವೆ. ಬೀಡು ಗಟ್ಟಿ ಇತ್ತು, ಕೆಲಸ ಚೊಕ್ಕ ಇತ್ತು, ನಿಜ. ಜೊತೆಗೆ ಅದರ ಬೆಲ್ಟಿಗೋ ಬೇರಿಂಗಿಗೋ ಯಾರೂ ಹರಿಹರಕ್ಕೇ ಬರಬೇಕಾಗಿರಲಿಲ್ಲ. ಈಗಿನ ಬೆಂಚ್ ಲೇತ್ ಮಾರುವ ಕಂಪನಿ ನಾಳೆ ಬಾಗಿಲು ಹಾಕಿದರೆ? ಆ ಗುಟ್ಟಿನ ನಂಬರಿನ ಜೊತೆಗೇ ಮಷೀನೂ ಗುಜರಿಗೆ.

ಈಗ ನಿಮ್ಮ ಕಡೆ ತಿರುಗುತ್ತೇನೆ. ನಿಮ್ಮ ಅಂದರೆ ನಮ್ಮ. ಯಾಕೆಂದರೆ ಇದನ್ನು ಯಾರೋ ದೂರದ ಧನಿಕ ಮಾಡುತ್ತಿಲ್ಲ. ಒಂದು ಮಷೀನು ತಯಾರಾಗುವಾಗ ಅದರ ಬಿಡಿಭಾಗಗಳ ಪಟ್ಟಿ ಇರುತ್ತದೆ, ಬಿಒಎಂ. ಆ ಪಟ್ಟಿಯಲ್ಲಿ 375-5ಎಂ-15 ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಪರ್ಚೇಸ್‌ನವರು ಅದೇ ಹೆಸರಿನಿಂದಲೇ ಬೆಲ್ಟು ತರಿಸುತ್ತಾರೆ. ಆಮೇಲೆ ಯಾವುದೋ ಏಸಿ ರೂಮಿನ ಮೀಟಿಂಗಿನಲ್ಲಿ ಒಂದು ಸ್ಲೈಡ್ ಬರುತ್ತದೆ, ಮಾರಾಟದ ನಂತರದ ಆದಾಯ ಹೆಚ್ಚಿಸುವುದು ಹೇಗೆ ಅಂತ. ಬಿಡಿಬೆಲ್ಟು ಬೇಡ, ಕಿಟ್ ಮಾಡೋಣ. ಸೈಜ್ ಬೇಡ, ನಮ್ಮದೇ ಕೋಡ್ ಹಾಕೋಣ. ಆ ಮೀಟಿಂಗಿನಲ್ಲಿ ಕೂತವರಲ್ಲಿ ಅರ್ಧ ಜನ ನಮ್ಮಂಥವರೇ: ಹಳ್ಳಿಯಿಂದ ಬಂದು, ಸಿಇಟಿ ಬರೆದು, ಬಿ.ಇ. ಮಾಡಿ, ಅಪ್ಪನ ಪಂಪ್‌ಸೆಟ್ಟಿನ ದುಡ್ಡಲ್ಲಿ ಫೀಸು ಕಟ್ಟಿದವರು. ಆ ಪಂಪ್‌ಸೆಟ್ಟಿನ ಶಾಫ್ಟನ್ನು ಯಾವುದೋ ಲೇತಿನಲ್ಲೇ ರಿಪೇರಿ ಮಾಡಿಸಿರುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಇದನ್ನೇ ವೆಂಡರ್ ಲಾಕ್-ಇನ್ ಅಂತ ಕರೆದು, ಬೇರೆಯವರು ನಮಗೆ ಮಾಡಿದರೆ ಟ್ವಿಟ್ಟರ್‌ನಲ್ಲಿ ಉದ್ದುದ್ದ ಬರೆಯುತ್ತೇವೆ. ಫೋನಿನ ಚಾರ್ಜರ್ ಎಲ್ಲದಕ್ಕೂ ಒಂದೇ ಇರಬೇಕು ಅಂತ ವಾದ ಮಾಡುತ್ತೇವೆ. ಗುತ್ತಲದ ಹುಡುಗನ ಬೆಲ್ಟಿಗೆ ಬಂದಾಗ ಅದು ‘ಬಿಸಿನೆಸ್ ಮಾಡೆಲ್’ ಆಗಿಬಿಡುತ್ತದೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ ಕೂಡ ಬಂತು. ಮೊದಲಿಗೆ ಆಯ್ದುಕೊಂಡದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಸಾಮಾನು, ವಾಹನ. ಟ್ರ್ಯಾಕ್ಟರ್ ಸೇರಿತು, ಸಂತೋಷ. ಆ ಟ್ರ್ಯಾಕ್ಟರನ್ನು ರಿಪೇರಿ ಮಾಡುವ ಲೇತ್ ಸೇರಲಿಲ್ಲ. ರೋಗಿಯ ಹಕ್ಕು ಬರೆದರು, ಡಾಕ್ಟರನ ಕೈಗೆ ಸ್ಟೆತಾಸ್ಕೋಪ್ ಇದೆಯೋ ಇಲ್ಲವೋ ನೋಡಲಿಲ್ಲ. ಫ್ರಾನ್ಸಿನಲ್ಲಿ 2021ರ ಜನವರಿಯಲ್ಲಿ ಫೋನು, ಟಿವಿ, ವಾಷಿಂಗ್ ಮಷೀನು, ಹುಲ್ಲು ಕತ್ತರಿಸುವ ಯಂತ್ರಗಳಿಗೆ ಅದು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ಹತ್ತಕ್ಕೆ ಅಂಕ ಕೊಟ್ಟು, ಅಂಗಡಿಯಲ್ಲಿ ಬೆಲೆಯ ಪಕ್ಕದಲ್ಲೇ ಹಚ್ಚಬೇಕು ಅನ್ನುವ ನಿಯಮ ಬಂತು. ಆ ಅಂಕದಲ್ಲಿ ಬಿಡಿಭಾಗದ ಬೆಲೆಗೂ ಪಾಲಿತ್ತು. ಅಲ್ಲೂ ಲೇತ್ ಇರಲಿಲ್ಲ, ಆದರೆ ಬಿಡಿಭಾಗದ ಬೆಲೆಯನ್ನು ಕೊಳ್ಳುವ ಮುಂಚೆಯೇ ಲೆಕ್ಕಕ್ಕೆ ತರುವ ಬುದ್ಧಿ ಇತ್ತು.

ನಾನು ಕೇಳುತ್ತಿರುವುದು ದೊಡ್ಡ ಕಾಯ್ದೆಯನ್ನೂ ಅಲ್ಲ. ಪ್ರತಿ ಮಷೀನಿನ ಮೈಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ, ಎಷ್ಟು ವೋಲ್ಟ್, ಎಷ್ಟು ಎಚ್‌ಪಿ, ಎಷ್ಟು ಆರ್‌ಪಿಎಂ ಅಂತ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬೆಲ್ಟ್ ಇಂಥದ್ದು, ಬೇರಿಂಗ್ ಇಂಥದ್ದು. ಖರ್ಚು ಸೊನ್ನೆ. ಇದನ್ನು ಜಾರಿ ಮಾಡಲು ಸಂಸತ್ತು ಕೂಡಬೇಕಾಗಿಲ್ಲ. ಕರ್ನಾಟಕದಲ್ಲೇ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟನೆಯಾಯಿತು. ಇಂಥ ಖರೀದಿಗಳ ಟೆಂಡರಿನಲ್ಲಿ ಈ ಒಂದು ಸಾಲನ್ನು ಷರತ್ತು ಮಾಡಿದರೆ ಸಾಕು, ಮಾರುವವರು ಮರುದಿನವೇ ಬರೆಯುತ್ತಾರೆ. 2008ರಿಂದ ಪಿಎಂಇಜಿಪಿ ಸಾಲ ಕೊಡುತ್ತಿದ್ದಾರೆ, ಹಳ್ಳಿಯಲ್ಲಿ ಶೇ. 25ರಿಂದ 35ರವರೆಗೆ ಸಬ್ಸಿಡಿ. ಅದಕ್ಕೆ ಬ್ಯಾಂಕಿನವರು ಮಷೀನಿನ ಕೊಟೇಶನ್ ಕೇಳುತ್ತಾರೆ. ಜಿಎಸ್‌ಟಿ ನಂಬರ್ ಇದೆಯಾ, ಸೀಲ್ ಇದೆಯಾ, ಸಹಿ ಇದೆಯಾ ಅಂತ ಮೂರು ಸಲ ನೋಡುತ್ತಾರೆ. ಸವೆಯುವ ಭಾಗಗಳ ಅಳತೆ ಮತ್ತು ಬೆಲೆಯನ್ನೂ ಅದೇ ಕೊಟೇಶನ್ನಿನಲ್ಲಿ ಬರೆಸಿ ಅಂತ ಕೇಳಲು ಏನು ಅಡ್ಡಿ? ಮಷೀನು ನಿಂತರೆ ಕಂತು ನಿಲ್ಲುವುದು ಅವರದ್ದೇ ತಾನೆ.

ಅಂದಹಾಗೆ, ಆ ಬೆಂಚ್ ಲೇತಿನ ಜೊತೆ ಬಂದ ಪುಸ್ತಕ 40 ಪುಟದ್ದು. ಅದರಲ್ಲಿ ಆರು ಪುಟ ಸುರಕ್ಷತೆಯ ಎಚ್ಚರಿಕೆ, ಇಂಗ್ಲಿಷಿನಲ್ಲಿ. ಬೆಲ್ಟಿನ ಚಿತ್ರದ ಪಕ್ಕದಲ್ಲಿ ಬಾಣದ ಗುರುತು ಹಾಕಿ ‘ಬೆಲ್ಟ್’ ಅಂತ ಬರೆದಿದ್ದಾರೆ. ಅದು ಬೆಲ್ಟು ಅಂತ ನಮಗೂ ಗೊತ್ತಿತ್ತು.

ಚಿಕ್ಕಪ್ಪನ ಮಗ ಈಗ ಒಂದು ಡ್ರಿಲ್ಲಿಂಗ್ ಮಷೀನು ನೋಡುತ್ತಿದ್ದಾನೆ. ಮಾರುವವರು ಹುಬ್ಬಳ್ಳಿಯಿಂದ ಎರಡು ಸಲ ಫೋನ್ ಮಾಡಿ, ಹಬ್ಬದ ಆಫರ್ ಇದೆ, ಅಡ್ವಾನ್ಸ್ ಹಾಕ್ರಿ ಅಂದರಂತೆ. ಇವನು ಬೆಲ್ಟಿನ ಸೈಜ್ ಎಷ್ಟು ಅಂತ ಕೇಳಿದ. ಅವರು ಕೇಳಿ ಹೇಳ್ತೀವಿ ಅಂದು ಫೋನಿಟ್ಟು ಇವತ್ತಿಗೆ ಒಂಬತ್ತು ದಿನ. ಅಡ್ವಾನ್ಸ್ ಇನ್ನೂ ಇವನ ಜೇಬಿನಲ್ಲೇ ಇದೆ.